ಶಾನುಭೋಗರ ಜಗಲಿಯಿಂದ ವರ್ಕ್ ಫ್ರಮ್ ಹೋಮ್‌ವರೆಗೆ

"ವರ್ಕ್ ಫ್ರಮ್ ಹೋಮ್" ಅನ್ನೋದು 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಜೊತೆಗೇ ನಮ್ಮೂರಿಗೆ ಬಂತು ಅಂತ ಬಹಳ ಜನ ನಂಬಿದ್ದಾರೆ. ನಮ್ಮ ಸಾಫ್ಟ್‌ವೇರ್ ಮಂದಿಯಂತೂ ಅದನ್ನು ನಾವೇ ಕಂಡುಹಿಡಿದವರ ಹಾಗೆ ಮಾತಾಡ್ತೀವಿ. ಲ್ಯಾಪ್‌ಟಾಪು, ಡೋಂಗಲ್ಲು, ಮೀಟಿಂಗಿನ ಮಧ್ಯೆ ಹಿತ್ತಲಿಂದ ಕೂಗುವ ಕೋಳಿ... ಇವೆಲ್ಲ ಹೊಸದಿರಬಹುದು. ಆದರೆ ಮನೆಯಲ್ಲೇ ಕೂತು ದೂರದ ಕಚೇರಿಯ ಕೆಲಸ ಮಾಡೋದು, ಅದೂ ತಲೆ ನರೆತವರು ಮಾಡೋದು, ಹಾಸನ ಜಿಲ್ಲೆಗೆ ಖಂಡಿತ ಹೊಸದಲ್ಲ.

ದೂರದ ಕೆಲಸದ ಮಾತಿಗೆ ಬಂದರೆ ನಮ್ಮ ಹಾಸನವನ್ನು ಮೀರಿಸುವ ಊರು ಇಂಡಿಯಾದಲ್ಲೇ ಕಡಿಮೆ ಅನ್ನಿ. 1982ರಿಂದ ಇಲ್ಲಿನ ಇಸ್ರೋ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ ಕೂತ ಜನ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದ್ದಾರೆ. ಅದಕ್ಕಿಂತ ದೂರದ ರಿಮೋಟ್ ವರ್ಕ್ ಇನ್ನೆಲ್ಲಿದೆ? :-) ಇನ್ನು ವಯಸ್ಸಿನ ವಿಷಯಕ್ಕೆ ಬಂದರೆ, ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು 2020ರಲ್ಲಿ ರಾಜ್ಯಸಭೆಗೆ ಆಯ್ಕೆಯಾದಾಗ ಅವರಿಗೆ 87 ವರ್ಷ. ರಾಜಕೀಯದಲ್ಲಿ ಯಾರೂ ವಯಸ್ಸಿನ ಸರ್ಟಿಫಿಕೇಟು ಕೇಳೋದಿಲ್ಲ. ಕೇಳೋದು ನಮ್ಮ ನಿಮ್ಮಂಥವರನ್ನು ಮಾತ್ರ.

ತಮಾಷೆ ಇರಲಿ. ಈ ಬರಹದಲ್ಲಿ ನಾನು ಹೇಳಹೊರಟಿರೋದು ಇಷ್ಟೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿ ವಯಸ್ಸಾದವರಿಗೆ ಮನೆಯಲ್ಲೇ ಕೂತು ಮಾಡುವ ಕಚೇರಿ ಕೆಲಸ ಹಿಂದೆ ಇತ್ತು. ಅದಕ್ಕೊಂದು ಕ್ರಮ ಇತ್ತು, ಗೌರವ ಇತ್ತು, ಜೊತೆಗೆ ಒಂದು ಅನ್ಯಾಯವೂ ಇತ್ತು. ತಂತ್ರಜ್ಞಾನ ಬಂದು ದೂರವನ್ನು ಕಡಿಮೆ ಮಾಡಿದ ಈ ಕಾಲದಲ್ಲೇ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಹೋಗಿದೆ. ಅದು ಹೇಗಾಯಿತು ಅಂತ ನೋಡೋಣ.

*

ಮೊದಲು ಶಾನುಭೋಗರು. ನನ್ನ ವಯಸ್ಸಿನವರಿಗೆ ಈ ಪದ ಬರೀ ಹೆಸರಿನ ಹಿಂದೆ ಅಂಟಿಕೊಂಡ ಬಾಲವಾಗಿ, ಇಲ್ಲವೇ ಹಳೆಯ ಸಿನಿಮಾದ ಪಾತ್ರವಾಗಿ ಗೊತ್ತು. ಪದಕ್ಕೆ ಬಹಳ ವಯಸ್ಸಾಗಿದೆ. ಹೊಯ್ಸಳರ ಕಾಲದ ಶಾಸನಗಳ ಕೊನೆಯಲ್ಲಿ ಅದನ್ನು ಬರೆದ "ಸೇನಬೋವ"ನ ಹೆಸರು ಬರುತ್ತದೆ. ಊರಿನ ಲೆಕ್ಕ, ಪತ್ರ ಬರೆಯುವವನು ಅವನು. ಆ ಸೇನಬೋವನೇ ಬಾಯಿಂದ ಬಾಯಿಗೆ ಸವೆದು ಶಾನುಭೋಗನಾದ. ಹಾಸನ ಜಿಲ್ಲೆಯ ಶಾಸನಗಳನ್ನೆಲ್ಲ ಬಿ.ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟವಾಗಿ ಹೊರತಂದರು. ಬಿಡುವಿದ್ದಾಗ ಅದನ್ನು ತಿರುವಿ ಹಾಕಿದರೆ ನಮ್ಮ ಪಕ್ಕದ ಹಳ್ಳಿಯ ಎಂಟುನೂರು ವರ್ಷ ಹಿಂದಿನ ಗುಮಾಸ್ತ ಸಿಕ್ಕಿದರೂ ಸಿಕ್ಕಬಹುದು.

ಶಾನುಭೋಗರಿಗೆ ಆಫೀಸು ಅಂತ ಬೇರೆ ಕಟ್ಟಡ ಇರಲಿಲ್ಲ. ಮನೆಯ ಜಗಲಿಯೇ ಆಫೀಸು. ಗೋಡೆಯ ಗೂಡಿನಲ್ಲೋ ಮರದ ಪೆಟ್ಟಿಗೆಯಲ್ಲೋ ಬಟ್ಟೆ ಸುತ್ತಿಟ್ಟ ದಫ್ತರ. ಕಾಗದ ಅಗ್ಗವಾಗುವ ಮೊದಲು ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಪಟ್ಟಿ ಪಟ್ಟಿಯಾಗಿ ಮಡಿಸಿಟ್ಟರೆ ಅದೇ ಕಡತ. ಬರೆಯೋಕೆ ಬಳಪ. ಬೇಕಾದರೆ ಒರೆಸಿ ಮತ್ತೆ ಬರೆಯಬಹುದು. ಈಗಲೂ ಸರ್ಕಾರಿ ಕಚೇರಿಗಳಲ್ಲಿ ಫೈಲಿಗೆ ಕನ್ನಡದಲ್ಲಿ ಕಡತ ಅಂತಲೇ ಅನ್ನುತ್ತಾರಲ್ಲ, ಆ ಪದ ಬಂದಿದ್ದು ಇಲ್ಲಿಂದ.

ಕೆಲಸ ಏನು? ಯಾವ ಹೊಲ ಯಾರದು, ಈ ವರ್ಷ ಯಾವ ಬೆಳೆ, ಕಂದಾಯ ಎಷ್ಟು ಬಂತು, ಎಷ್ಟು ಬಾಕಿ. ಪಟೇಲರು ವಸೂಲಿ ಮಾಡಿದ್ದನ್ನು ಶಾನುಭೋಗರು ಬರೆಯಬೇಕು. ಜಮಾಬಂದಿಯ ಹೊತ್ತಿಗೆ ದಫ್ತರ ಕಟ್ಟಿಕೊಂಡು ತಾಲ್ಲೂಕು ಕಚೇರಿಗೆ ಹೋಗಿ ಅಮಲ್ದಾರರ ಮುಂದೆ ಲೆಕ್ಕ ಒಪ್ಪಿಸಬೇಕು. ಉಳಿದ ದಿನವೆಲ್ಲ ಊರಲ್ಲೇ ಕೆಲಸ. ಪ್ರತಿಫಲವಾಗಿ ಇನಾಂ ಜಮೀನು, ಜೊತೆಗೆ ಸರ್ಕಾರದಿಂದ ಬರುವ "ಪೊಟಗಿ" ಅನ್ನುವ ಸಣ್ಣ ಹಣ.

ನನ್ನ ಕಣ್ಣಿಗೆ ಮುಖ್ಯವಾಗಿ ಕಂಡಿದ್ದು ವಯಸ್ಸಿನ ವಿಷಯ. ಇದು ವಂಶಪಾರಂಪರ್ಯದ ಹುದ್ದೆ. ಇಂಥ ವಯಸ್ಸಿಗೆ ಎದ್ದು ಹೋಗು ಅನ್ನುವ ಸಂಪ್ರದಾಯ ಅದರಲ್ಲಿ ಇರಲಿಲ್ಲ. ವಯಸ್ಸಾದ ಹಾಗೆಲ್ಲ ಶಾನುಭೋಗರ ಬೆಲೆ ಹೆಚ್ಚುತ್ತಿತ್ತು. ಯಾಕೆಂದರೆ ಊರಿನ ಯಾವ ಬದು ಯಾವಾಗ ಸರಿಯಿತು, ಯಾವ ಅಣ್ಣತಮ್ಮಂದಿರು ಯಾವ ವರ್ಷ ಪಾಲಾದರು ಅನ್ನೋದು ಅರ್ಧ ಪುಸ್ತಕದಲ್ಲಿ, ಇನ್ನರ್ಧ ಅವರ ತಲೆಯಲ್ಲಿ ಇರುತ್ತಿತ್ತು. ಕಣ್ಣು ಮಂಜಾದರೆ ಮಗನೋ ಅಳಿಯನೋ ಪಕ್ಕದಲ್ಲಿ ಕೂತು ಬರೆಯುತ್ತಿದ್ದ, ಮುದುಕರು ಹೇಳುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ನಾಲೆಡ್ಜ್ ಟ್ರಾನ್ಸ್‌ಫರ್. ನಮ್ಮ ಪ್ರಾಜೆಕ್ಟಿನಲ್ಲಿ ಅದಕ್ಕೆ ಎರಡು ವಾರ ಕೊಡುತ್ತಾರೆ, ಅಲ್ಲಿ ಇಪ್ಪತ್ತು ವರ್ಷ ಸಿಗುತ್ತಿತ್ತು.

ಹಾಗಂತ ಇದನ್ನು ರಾಮರಾಜ್ಯ ಅಂದುಕೊಳ್ಳಬೇಡಿ. ಕೆಲಸ ಹೋಗುತ್ತಿದ್ದದ್ದು ಒಂದೇ ಮನೆತನಕ್ಕೆ, ಸಾಮಾನ್ಯವಾಗಿ ಒಂದೇ ಜಾತಿಗೆ, ಮತ್ತು ಗಂಡಸರಿಗೆ ಮಾತ್ರ. ಅಕ್ಷರ ಅವರ ಕೈಯಲ್ಲಿ ಇದ್ದದ್ದರಿಂದ ಓದುಬಾರದ ರೈತ ಅವರ ಜಗಲಿಯ ಕೆಳಗೇ ನಿಲ್ಲಬೇಕಿತ್ತು. ಒಂದು ಗೆರೆ ಆಚೀಚೆ ಎಳೆದರೆ ಒಬ್ಬನ ಬದುಕೇ ಆಚೀಚೆ ಆಗುತ್ತಿತ್ತು. ತೋಟಿ, ತಳವಾರ, ನೀರಗಂಟಿ ಇವರೂ ವಂಶಪಾರಂಪರ್ಯದ ಗ್ರಾಮ ನೌಕರರೇ, ಆದರೆ ಅವರ ಪಾಲಿಗೆ ಬಂದದ್ದು ಓಡಾಟದ, ಮೈಮುರಿಯುವ ಕೆಲಸ. ವಯಸ್ಸಾದ ಮೇಲೆ ಕೂತು ಮಾಡುವ ಅನುಕೂಲ ಅವರಿಗೆ ಎಲ್ಲಿತ್ತು?

1961ರಲ್ಲಿ ಮೈಸೂರು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಆಯಿತು. 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಶಾನುಭೋಗ, ಪಟೇಲ ಎಲ್ಲ ಹೋಗಿ, ಅರ್ಜಿ ಹಾಕಿ ಆಯ್ಕೆಯಾಗುವ, ವರ್ಗಾವಣೆಯಾಗುವ, ನಿವೃತ್ತಿಯಾಗುವ ಗ್ರಾಮ ಲೆಕ್ಕಿಗರು ಬಂದರು. ಹುಟ್ಟಿನಿಂದ ಬರುತ್ತಿದ್ದ ಹಕ್ಕು ಹೋಗಿದ್ದು ನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಅದರ ಜೊತೆ ಇನ್ನೊಂದು ಬದಲಾವಣೆಯೂ ಆಯಿತು, ಅದನ್ನು ಹೆಚ್ಚು ಜನ ಗಮನಿಸಲಿಲ್ಲ. ಕೆಲಸ ಮನೆಯಿಂದ ಎದ್ದು ಕಚೇರಿಗೆ ಹೋಯಿತು, ಮತ್ತು ಕೆಲಸಕ್ಕೆ ಒಂದು ಕೊನೆಯ ವಯಸ್ಸು ಬಂತು.

*

ಎರಡನೆಯ ಕಥೆ ಪೋಸ್ಟ್ ಆಫೀಸಿನದು. ನನ್ನ ಪ್ರಕಾರ ಇದೇ ನಮ್ಮ ಕಡೆಯ ನಿಜವಾದ ರಿಮೋಟ್ ವರ್ಕ್.

ಮೈಸೂರು ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು. 17ನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾದ ಈ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ಬ್ರಿಟಿಷರ ಅಂಚೆಯಲ್ಲಿ ಅಷ್ಟು ಹೊತ್ತಿಗಾಗಲೇ ಒಂದು ವಿಚಿತ್ರ ವ್ಯವಸ್ಥೆ ಇತ್ತು, ಅದರ ಹೆಸರು ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್. ನಮ್ಮ ಹಿರಿಯರ ಬಾಯಲ್ಲಿ "ಇಡಿ". ಇದು 1854ರಿಂದಲೇ ಇದೆ ಅಂತ ಸುಪ್ರೀಂ ಕೋರ್ಟು 1997ರ ಒಂದು ತೀರ್ಪಿನಲ್ಲಿ ಹೇಳಿದೆ.

ಲೆಕ್ಕಾಚಾರ ಸರಳ. ಹಳ್ಳಿಯಲ್ಲಿ ದಿನಕ್ಕೆ ಬರುವ ಕಾಗದ ಹತ್ತೋ ಹದಿನೈದೋ. ಅದಕ್ಕೆ ಒಂದು ಕಟ್ಟಡ, ಒಬ್ಬ ಪೂರ್ತಿ ಸಂಬಳದ ನೌಕರ ಇಟ್ಟರೆ ಇಲಾಖೆಗೆ ಪೂರೈಸೋದಿಲ್ಲ. ಅದಕ್ಕೆ ಊರಲ್ಲೇ ಇರುವ, ಓದುಬರಹ ಬಲ್ಲ, ಹೊಟ್ಟೆಬಟ್ಟೆಗೆ ಬೇರೆ ದಾರಿ ಇರುವ ಒಬ್ಬರನ್ನು ಹಿಡಿಯೋದು. ಸ್ಕೂಲ್ ಮೇಷ್ಟ್ರು, ಅಂಗಡಿಯವರು, ಜಮೀನುದಾರರು. ಜಾಗ ಅವರದ್ದೇ. ಬಾಗಿಲ ಪಕ್ಕ ಒಂದು ಕೆಂಪು ಡಬ್ಬ, ಒಂದು ಬೋರ್ಡು. ದಿನಕ್ಕೆ ಹೆಚ್ಚೆಂದರೆ 5 ಗಂಟೆ ಕೆಲಸ.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಇದ್ದದ್ದು 23,344 ಪೋಸ್ಟ್ ಆಫೀಸು. ಈಗ ಒಂದೂವರೆ ಲಕ್ಷದ ಮೇಲಿದೆ, ಹತ್ತರಲ್ಲಿ ಒಂಬತ್ತು ಹಳ್ಳಿಯಲ್ಲಿ. ಇಷ್ಟು ಬೆಳೆಯೋಕೆ ಸಾಧ್ಯವಾಗಿದ್ದು ಈ ಇಡಿ ಪದ್ಧತಿಯಿಂದಲೇ. 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂತು. ಹಾಸನ 573201, ಹೊಳೆನರಸೀಪುರ 573211, ಅರಕಲಗೂಡು 573102, ಚನ್ನರಾಯಪಟ್ಟಣ 573116. ಈ ಊರುಗಳ ದೊಡ್ಡ ಪೋಸ್ಟ್ ಆಫೀಸುಗಳ ಸುತ್ತ, ಬಸ್ಸು ಹೋಗುವ ದಾರಿಗಳಲ್ಲೆಲ್ಲ, ಬ್ರಾಂಚ್ ಆಫೀಸುಗಳು ಮನೆಗಳಲ್ಲಿ, ಅಂಗಡಿಗಳಲ್ಲಿ ಹರಡಿಕೊಂಡಿದ್ದವು.

ದಿನದ ಕೆಲಸ ಹೀಗೆ. ಬೆಳಿಗ್ಗೆ ಬಸ್ಸಿನಲ್ಲಿ ಸೀಲು ಹಾಕಿದ ಚೀಲ ಬರುತ್ತದೆ. ಪೋಸ್ಟ್ ಮಾಸ್ಟರು ಸೀಲು ಒಡೆದು, ಕಾಗದಗಳಿಗೆ ತಾರೀಖಿನ ಮುದ್ರೆ ಒತ್ತಿ, ಹಂಚುವವನ ಕೈಗೆ ಕೊಡುತ್ತಾರೆ. ಮನಿಯಾರ್ಡರಿನ ಹಣ ಎಣಿಸುತ್ತಾರೆ. ಉಳಿತಾಯ ಖಾತೆಯ ಪಾಸ್ ಪುಸ್ತಕ ಬರೆಯುತ್ತಾರೆ. ಎಲ್ಲ ಮುಗಿದ ಮೇಲೆ ಆ ದಿನದ ಲೆಕ್ಕ ಬರೆದು, ಚೀಲಕ್ಕೆ ಹಾಕಿ, ಅರಗು ಒತ್ತಿ ವಾಪಸ್ ಕಳಿಸುತ್ತಾರೆ. ಮೇಲಿನ ಆಫೀಸಿನವರು ಅದನ್ನು ಪರಿಶೀಲಿಸುತ್ತಾರೆ. ಆಗಾಗ ಓವರ್ಸಿಯರ್ ಬಂದು ಕೈಯಲ್ಲಿರುವ ದುಡ್ಡು, ಸ್ಟಾಂಪು ಎಣಿಸಿ ಹೋಗುತ್ತಾರೆ. ನಮ್ಮ ಮ್ಯಾನೇಜರುಗಳು "ಮನೆಯಲ್ಲಿ ಕೂತವನು ಕೆಲಸ ಮಾಡುತ್ತಾನೆ ಅಂತ ಹೇಗೆ ನಂಬೋದು" ಅಂತ ಇವತ್ತೂ ತಲೆ ಕೆಡಿಸಿಕೊಳ್ತಾರೆ. ಒಂದು ಅರಗಿನ ಸೀಲು, ದಿನಕ್ಕೊಂದು ಲೆಕ್ಕದ ಹಾಳೆ, ಹೇಳದೆ ಬರುವ ಒಬ್ಬ ಓವರ್ಸಿಯರ್... ನೂರು ವರ್ಷದ ಹಿಂದೆಯೇ ಈ ಸಮಸ್ಯೆಗೆ ಉತ್ತರ ಸಿಕ್ಕಿತ್ತು. ಮೌಸ್ ಅಲ್ಲಾಡ್ತಾ ಇದೆಯಾ ಅಂತ ನೋಡುವ ಸಾಫ್ಟ್‌ವೇರು ಬೇಕಿರಲಿಲ್ಲ.

ಈಗ ವಯಸ್ಸಿನ ವಿಷಯ. ಕೇಂದ್ರ ಸರ್ಕಾರದ ಖಾಯಂ ನೌಕರರು 1962ರವರೆಗೆ 55ಕ್ಕೆ, ಆಮೇಲೆ 58ಕ್ಕೆ, 1998ರಿಂದ 60ಕ್ಕೆ ನಿವೃತ್ತರಾಗುತ್ತಾ ಬಂದರು. ಇಡಿ ಪೋಸ್ಟ್ ಮಾಸ್ಟರು ಮಾತ್ರ 65ರ ತನಕ ಇರಬಹುದಿತ್ತು. ಮೇಷ್ಟ್ರ ಕೆಲಸದಿಂದ ನಿವೃತ್ತರಾದ ಮೇಲೂ ಊರಿನ ಪೋಸ್ಟು ಅವರ ಮನೆಯಲ್ಲೇ ಉಳಿಯುತ್ತಿತ್ತು. ಬೆಳಿಗ್ಗೆ ಎದ್ದರೆ ಮಾಡೋಕೆ ಒಂದು ಕೆಲಸ, ಬಾಗಿಲಿಗೆ ಬಂದು ಮಾತಾಡಿಸುವ ಜನ, ತಿಂಗಳಿಗೆ ಒಂದಿಷ್ಟು ದುಡ್ಡು. ವಯಸ್ಸಾದವರಿಗೆ ಇನ್ನೇನು ಬೇಕು ಹೇಳಿ?

ಬೇಕಿತ್ತು. ಅದೇ ನಾನು ಮೊದಲು ಹೇಳಿದ ಅನ್ಯಾಯ. ಇಡೀ ವ್ಯವಸ್ಥೆ ನಿಂತದ್ದು "ಎಕ್ಸ್‌ಟ್ರಾ" ಅನ್ನುವ ಪದದ ಮೇಲೆ. ಇವರಿಗೆ ಬೇರೆ ಆದಾಯ ಇದೆ, ಬಿಡುವಿನಲ್ಲಿ ಸಮಾಜಸೇವೆ ಮಾಡುತ್ತಿದ್ದಾರೆ ಅನ್ನೋದು ಸರ್ಕಾರದ ವಾದ. ಆದ್ದರಿಂದ ಕೊಡೋದು ಸಂಬಳ ಅಲ್ಲ, ಭತ್ಯೆ. ಪಿಂಚಣಿ ಇಲ್ಲ. 1977ರಲ್ಲಿ ಕೇರಳದಿಂದ ಬಂದ ರಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಡಿ ನೌಕರರು ನಾಗರಿಕ ಹುದ್ದೆಯಲ್ಲಿ ಇರುವವರೇ, ಕಾರಣ ಕೇಳದೆ ಕಿತ್ತುಹಾಕುವಂತಿಲ್ಲ ಅಂತ ಹೇಳಿತು. ದೊಡ್ಡ ಗೆಲುವು. ಆದರೆ ಪಿಂಚಣಿ ಬರಲಿಲ್ಲ. 2001ರಲ್ಲಿ ಹೆಸರು ಗ್ರಾಮೀಣ ಡಾಕ್ ಸೇವಕ್ ಅಂತ ಬದಲಾಯಿತು, ಪಿಂಚಣಿ ಬರಲಿಲ್ಲ. ಇಡಿಯಾಗಿ ವರ್ಷಗಟ್ಟಲೆ ದುಡಿದು ಆಮೇಲೆ ಖಾಯಂ ಆದವರು, ನಮ್ಮ ಆ ಹಳೆಯ ಸೇವೆಯನ್ನೂ ಪಿಂಚಣಿಗೆ ಲೆಕ್ಕ ಹಿಡಿಯಿರಿ ಅಂತ ಕೇಳಿದರು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ನಿಯಮದಲ್ಲಿ ಅವಕಾಶ ಇಲ್ಲ ಅಂದುಬಿಟ್ಟಿತು.

ಬೇರೆ ಆದಾಯ ಇದ್ದ ಮೇಷ್ಟ್ರಿಗೆ ಇದು ನಡೆಯಿತು. ಆದರೆ ಹಳ್ಳಿಯಲ್ಲಿ ಬೇರೆ ಆದಾಯ ಕರಗುತ್ತಾ ಬಂತು, ಭತ್ಯೆಯೇ ಹಲವರ ಬದುಕಾಯಿತು. ಕಮಲೇಶ್ ಚಂದ್ರ ಸಮಿತಿಯ ವರದಿಯ ನಂತರ 2018ರ ಜುಲೈನಿಂದ ಬ್ರಾಂಚ್ ಪೋಸ್ಟ್ ಮಾಸ್ಟರಿಗೆ 4 ಗಂಟೆಗೆ 12,000, 5 ಗಂಟೆಗೆ 14,500 ರೂಪಾಯಿ ಆರಂಭದ ಭತ್ಯೆ ನಿಗದಿಯಾಯಿತು, ಅದರ ಮೇಲೆ ತುಟ್ಟಿಭತ್ಯೆ. ಮೊದಲಿಗಿಂತ ಎಷ್ಟೋ ವಾಸಿ. ಆದರೂ ಆ ದುಡ್ಡು ಇರೋದು 65ರವರೆಗೆ ಮಾತ್ರ. ಆಮೇಲಿನ ಬದುಕಿಗೆ ಖಾಯಂ ನೌಕರರ ಪಿಂಚಣಿಯಂಥದ್ದೇನೂ ಇಲ್ಲ.

*

ಇನ್ನು ಬಾಗಿಲು ಮುಚ್ಚಿದ ಕಥೆ. ಇದನ್ನು ಯಾರೋ ದುಷ್ಟರು ಮಾಡಿದ್ದಲ್ಲ. ಒಂದೊಂದು ಹೆಜ್ಜೆಗೂ ಒಳ್ಳೆಯ ಕಾರಣವೇ ಇತ್ತು.

2000ದಿಂದ 2002ರ ನಡುವೆ ಭೂಮಿ ಯೋಜನೆ ಬಂತು. ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು, ಕೈಬರಹದ ಪಹಣಿ ನಿಂತಿತು. ರೈತ ಯಾರ ಜಗಲಿಗೂ ಹೋಗಿ ಕೈಕಟ್ಟಿ ನಿಲ್ಲಬೇಕಿಲ್ಲ. ಒಬ್ಬ ಸಾಫ್ಟ್‌ವೇರಿನವನಾಗಿ ನನಗೆ ಇದರ ಬಗ್ಗೆ ಹೆಮ್ಮೆಯೇ ಇದೆ. ಹಳ್ಳಿಯಲ್ಲಿ ಕೂತು ಕೈಯಲ್ಲಿ ಬರೆಯುವ ಕೆಲಸದ ಕೊನೆಯ ತುಂಡು ಆಗ ತಾಲ್ಲೂಕು ಕಚೇರಿಯ ಕೌಂಟರಿಗೆ ಹೋಯಿತು.

ಪೋಸ್ಟಿನಲ್ಲಿ 2017ರ ಡಿಸೆಂಬರಿನಲ್ಲಿ ದರ್ಪಣ್ ಯೋಜನೆ ಬಂತು. ಬ್ರಾಂಚ್ ಆಫೀಸುಗಳಿಗೆ ಕೈಯಲ್ಲಿ ಹಿಡಿಯುವ ಯಂತ್ರ, ಸೋಲಾರ್ ಚಾರ್ಜರ್. ಮಸಿ, ಅರಗು ನೋಡಿ ಬೆಳೆದ ಅರವತ್ತು ದಾಟಿದ ಪೋಸ್ಟ್ ಮಾಸ್ಟರುಗಳು ಕನ್ನಡಕ ಏರಿಸಿ ಸಣ್ಣ ಪರದೆಯ ಮೇಲೆ ಬೆರಳು ಒತ್ತೋದು ಕಲಿತರು. ವಯಸ್ಸಾದವರಿಗೆ ಹೊಸದು ಕಲಿಯೋಕೆ ಬರೋದಿಲ್ಲ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಕೆಲಸ ಗೊತ್ತಿದ್ದವರಿಗೆ ಯಂತ್ರ ಎರಡನೆಯ ವಿಷಯ.

ಮುಚ್ಚಿದ್ದು ಯಂತ್ರದಿಂದ ಅಲ್ಲ, ಅರ್ಜಿಯ ನಿಯಮದಿಂದ. ಈಗ ಗ್ರಾಮೀಣ ಡಾಕ್ ಸೇವಕರ ಆಯ್ಕೆ ಪೂರ್ತಿ ಆನ್‌ಲೈನ್. ಹತ್ತನೇ ತರಗತಿಯ ಅಂಕದ ಮೇಲೆ. ವಯಸ್ಸು 18ರಿಂದ 40, ಮೀಸಲಾತಿ ಇದ್ದವರಿಗೆ ಸ್ವಲ್ಪ ಸಡಿಲ. ಅಂಕದ ಆಯ್ಕೆಯಿಂದ ಒಳ್ಳೆಯದೂ ಆಗಿದೆ. ಜಗಲಿ ಇಲ್ಲದ ಮನೆಯ ಮಕ್ಕಳು, ಹೆಣ್ಣುಮಕ್ಕಳು ಇವತ್ತು ಪೋಸ್ಟ್ ಮಾಸ್ಟರ್ ಆಗುತ್ತಿದ್ದಾರೆ. ಆದರೆ ಲೆಕ್ಕ ನೋಡಿ. 65ರ ತನಕ ಮಾಡಬಹುದಾದ, ದಿನಕ್ಕೆ ನಾಲ್ಕೈದು ಗಂಟೆಯ, ಊರಲ್ಲೇ ಇರುವ ಕೆಲಸ. ವಯಸ್ಸಾದವರಿಗೆ ಅಂತ ಹೇಳಿ ಮಾಡಿಸಿದಂತಿದೆ. ಸೇರಬೇಕಾದರೆ ಮಾತ್ರ 40ರ ಒಳಗಿರಬೇಕು! 55ರಲ್ಲಿ ಕೆಲಸ ಕಳೆದುಕೊಂಡವರು, 60ರಲ್ಲಿ ನಿವೃತ್ತರಾದವರು ಆ ಕಡೆ ನೋಡುವಂತೆಯೇ ಇಲ್ಲ.

*

2020ರಲ್ಲಿ ನಾವೆಲ್ಲ ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದೆವು. ಅಷ್ಟು ದಿನ ಬಿಪಿಓ, ಕಾಲ್ ಸೆಂಟರುಗಳು ನೌಕರರನ್ನು ಮನೆಯಲ್ಲಿ ಕೂರಿಸಬೇಕಾದರೆ ದೂರಸಂಪರ್ಕ ಇಲಾಖೆಯ ನೋಂದಣಿ, ಭದ್ರತಾ ಠೇವಣಿ ಅಂತ ನೂರೆಂಟು ಷರತ್ತು ಇದ್ದವು. 2020ರ ನವೆಂಬರಿನ ಹೊಸ ನಿಯಮಗಳಲ್ಲಿ ಅವು ಬಹುಮಟ್ಟಿಗೆ ಹೋದವು. ಅಂದರೆ ಕಾನೂನಿನ ಅಡ್ಡಿಯೂ ಇಲ್ಲ. ಅರಕಲಗೂಡಿಗೆ ಇವತ್ತಿಗೂ ರೈಲಿಲ್ಲ, ಹಾಸನದಿಂದ ಚನ್ನರಾಯಪಟ್ಟಣ, ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲು ಬಂದದ್ದೇ 2017ರಲ್ಲಿ. ಅರವತ್ತರ ಮೇಲಿನವರು ಕೆಲಸಕ್ಕಾಗಿ ಬೆಂಗಳೂರಿಗೆ ಓಡಾಡೋದು ಆಗದ ಮಾತು. ಮನೆಗೇ ಕೆಲಸ ಬರೋದಾದರೆ ಮೊದಲು ಬರಬೇಕಾಗಿದ್ದು ಇವರಿಗೆ. ಬಂದದ್ದು ನಮಗೆ.

ಹೊಳೆನರಸೀಪುರದಲ್ಲಿ ನಾನು ದೊಡ್ಡಪ್ಪ ಅಂತ ಕರೆಯುವ ಸಂಬಂಧಿಕರೊಬ್ಬರು ಇದ್ದಾರೆ. ಒಂದು ಸಣ್ಣ ಖಾಸಗಿ ಸಂಸ್ಥೆಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಪಿ.ಎಫ್. ಪಿಂಚಣಿಯ ಕನಿಷ್ಠ ಮೊತ್ತ 2014ರಿಂದ ತಿಂಗಳಿಗೆ 1,000 ರೂಪಾಯಿ, ಇವರಿಗೆ ಬರೋದು ಅದಕ್ಕಿಂತ ಸ್ವಲ್ಪ ಹೆಚ್ಚು. "ಏನಪ್ಪಾ, ನಿಮ್ಮ ಕಂಪ್ಯೂಟರ್ ಲೈನಲ್ಲಿ ನಮ್ಮಂಥೋರಿಗೆ ಮನೇಲೇ ಕೂತ್ಕೊಂಡು ಮಾಡೋ ಅಂಥದ್ದು ಏನಾದ್ರೂ ಇದ್ರೆ ನೋಡು" ಅಂತ ಹೋದಾಗಲೆಲ್ಲ ಕೇಳೋರು. ನಾನೂ ನೋಡಿದೆ. ಅನುಭವ ಕೇಳುವ ಜಾಗದಲ್ಲಿ "ಗರಿಷ್ಠ 5 ವರ್ಷ" ಅಂತ ಇರೋದೇ ಹೆಚ್ಚು. ಮೂವತ್ತು ವರ್ಷದ ಅನುಭವ ಅನ್ನೋದು ಅಲ್ಲಿ ಒಂದು ದೋಷ.

ಅಷ್ಟರಲ್ಲಿ ಯಾರೋ ಫೋನಿನಲ್ಲಿ ಅವರಿಗೆ "ಮನೆಯಲ್ಲೇ ಡೇಟಾ ಎಂಟ್ರಿ" ಅಂತ ಆಸೆ ತೋರಿಸಿ ನೋಂದಣಿ ಶುಲ್ಕ ಅಂತ ಮೂರು ಸಾವಿರ ಕಟ್ಟಿಸಿಕೊಂಡರು. ಒಂದು ವಾರ ಕೆಲಸವನ್ನೂ ಮಾಡಿಸಿ, ತಪ್ಪು ಜಾಸ್ತಿ ಇದೆ, ದಂಡ ಕಟ್ಟಿ, ಇಲ್ಲದಿದ್ದರೆ ಕೇಸು ಅಂತ ಹೆದರಿಸಿದರು. ದೊಡ್ಡಪ್ಪ ಯಾರಿಗೂ ಹೇಳದೆ ಇನ್ನೆರಡು ಸಾವಿರ ಕಟ್ಟಿದ್ದರು. ಜೀವನವಿಡೀ ಒಂದು ಪೈಸೆ ತಪ್ಪದ ಹಾಗೆ ಲೆಕ್ಕ ಬರೆದವರಿಗೆ ನಿಮ್ಮ ಕೆಲಸದಲ್ಲಿ ತಪ್ಪಿದೆ ಅಂದರೆ ಎಷ್ಟು ನೋವಾಗಿರಬೇಡ! ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಹೇಳಿಡಿ: ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಕೇಳೋದಿಲ್ಲ. ಕೇಳಿದರೆ ಅದು ಮೋಸ. ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು.

ಸರ್ಕಾರ 2021ರ ಅಕ್ಟೋಬರ್ 1ರಂದು ಅರವತ್ತು ದಾಟಿದವರಿಗಾಗಿ ಸೇಕ್ರೆಡ್ ಅನ್ನುವ ಉದ್ಯೋಗ ಪೋರ್ಟಲ್ ತೆರೆಯಿತು. ಉದ್ದೇಶ ಒಳ್ಳೆಯದೇ. ಆದರೆ ಪೋರ್ಟಲ್ ಅಂದರೆ ಸಂತೆ ಮೈದಾನ ಮಾತ್ರ. ಮಾರುವವರು, ಕೊಳ್ಳುವವರು ಬರದಿದ್ದರೆ ಸಂತೆ ಆಗೋದಿಲ್ಲ.

*

ಹಾಗಾದರೆ ಎಲ್ಲೂ ಇದು ಆಗಿಲ್ಲವಾ ಅಂದರೆ, ಆಗಿದೆ. ಜಪಾನಿನ ಕಮಿಕಾತ್ಸು ಅನ್ನುವ ಬೆಟ್ಟದ ಊರಿನಲ್ಲಿ 1981ರ ಚಳಿಗೆ ಕಿತ್ತಳೆ ತೋಟಗಳು ಸತ್ತವು. ಊರಲ್ಲಿ ಉಳಿದವರು ಹೆಚ್ಚಾಗಿ ಮುದುಕರು. 1986ರಲ್ಲಿ ಕೃಷಿ ಸಹಕಾರ ಸಂಘದ ನೌಕರ ಯೊಕೊಯಿಶಿ ಅನ್ನುವವರು, ಹೋಟೆಲುಗಳಲ್ಲಿ ತಟ್ಟೆಯ ಅಲಂಕಾರಕ್ಕೆ ಇಡುವ ಎಲೆ, ಹೂವು ಮಾರುವ ವ್ಯವಹಾರ ಶುರು ಮಾಡಿದರು. ಎಲೆ ಕೊಯ್ದು ಜೋಡಿಸುವವರು ಎಪ್ಪತ್ತು ಎಂಬತ್ತರ ಅಜ್ಜಿಯರು. ಆರ್ಡರು ಮೊದಲು ಫ್ಯಾಕ್ಸಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ, ಈಗ ಟ್ಯಾಬ್ಲೆಟ್ಟಿನಲ್ಲಿ ಬರುತ್ತದೆ. ನಮ್ಮ ಕಡೆ ಅಜ್ಜಿಯರು ಮಧ್ಯಾಹ್ನ ಕೂತು ಮುತ್ತುಗದ ಎಲೆ ಹಚ್ಚುತ್ತಿದ್ದರಲ್ಲ, ಅದಕ್ಕೆ ಆರ್ಡರು ಮತ್ತು ಒಳ್ಳೆಯ ಬೆಲೆ ಸೇರಿಸಿದರೆ ಕಮಿಕಾತ್ಸು. ಅಲ್ಲಿನವರು ಅಜ್ಜಿಯರಿಗೆ ಹೊಸ ಕೆಲಸ ಕಲಿಸಲಿಲ್ಲ. ಯಾವ ಮರದ ಎಲೆ ಯಾವಾಗ ಕೆಂಪಾಗುತ್ತದೆ ಅನ್ನೋದು ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದಕ್ಕೆ ಗಿರಾಕಿ ತಂದುಕೊಟ್ಟರು.

ಕರ್ನಾಟಕದಲ್ಲೂ ಹತ್ತಿರದ ಉದಾಹರಣೆ ಇದೆ. ಬೆಂಗಳೂರಿನ "ಕಾರ್ಯ" ಅನ್ನುವ ಸಂಸ್ಥೆ ಕಂಪ್ಯೂಟರಿಗೆ ಕನ್ನಡ ಕಲಿಸೋಕೆ ಬೇಕಾದ ಧ್ವನಿಯನ್ನು ಹಳ್ಳಿಯ ಜನರಿಂದ ಮೊಬೈಲಿನಲ್ಲಿ ಓದಿಸಿ ಪಡೆಯುತ್ತಿತ್ತು. ಗಂಟೆಗೆ ಸುಮಾರು 5 ಡಾಲರ್, ಒಬ್ಬರಿಗೆ ಒಟ್ಟು 1,500 ಡಾಲರ್ ವರೆಗೆ ಕೊಡುತ್ತದೆ ಅಂತ 2023ರಲ್ಲಿ ವರದಿಯಾಗಿತ್ತು. ಇದು ತಿಂಗಳು ತಿಂಗಳು ಬರುವ ಕೆಲಸವಲ್ಲ, ನಿಜ. ಆದರೆ ಹೊಳೆನರಸೀಪುರದ ಅಜ್ಜಿಯ ಮಾತಿನ ಧಾಟಿ ಯಂತ್ರಕ್ಕೆ ತಿಳಿಯಬೇಕಾದರೆ ಅಜ್ಜಿಯೇ ಮಾತಾಡಬೇಕು. ಇಪ್ಪತ್ತರ ಹುಡುಗ ಅದನ್ನು ಮಾಡೋಕಾಗಲ್ಲ.

ಇನ್ನೊಂದು ಕೆಲಸವೂ ನಮ್ಮ ಕಣ್ಣೆದುರೇ ಇದೆ. 2024ರಲ್ಲಿ ಸರ್ಕಾರ ತಾಲ್ಲೂಕು ಕಚೇರಿಗಳ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ ಶುರು ಮಾಡಿತು. ಸ್ಕ್ಯಾನ್ ಮಾಡೋದು ಯಂತ್ರದ ಕೆಲಸ, ಸರಿ. ಓದೋದು ಯಾರು? ಶಾನುಭೋಗರ ಮೋಡಿಯಂಥ ಕೈಬರಹ, ಎಕರೆ ಗುಂಟೆಗೆ ಹಾಕುವ ಗುರುತು, ಖಿರ್ದಿ, ಪೊಟಗಿ, ಬಿ ಖರಾಬು... ಕಾಲೇಜು ಮುಗಿಸಿ ಬಂದವರು ಒಂದು ಪುಟ ನೋಡಿದರೆ ಬೆವರುತ್ತಾರೆ. ಅದನ್ನು ಸರಾಗವಾಗಿ ಓದುವವರು ಈ ನಾಲ್ಕು ತಾಲ್ಲೂಕುಗಳಲ್ಲಿ ನಿವೃತ್ತ ಗ್ರಾಮ ಲೆಕ್ಕಿಗರಾಗಿ, ಸರ್ವೆ ಇಲಾಖೆಯವರಾಗಿ, ಪತ್ರ ಬರಹಗಾರರಾಗಿ ಮನೆಯಲ್ಲಿ ಕೂತಿದ್ದಾರೆ. ಸ್ಕ್ಯಾನ್ ಆದ ಪುಟವನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿ, ಸರ್ವೆ ನಂಬರು, ಹೆಸರು, ವರ್ಷ ಇಷ್ಟನ್ನು ಓದಿ ಹೇಳಿ ಅಂದರೆ ದಿನಕ್ಕೆ ನಾಲ್ಕು ಗಂಟೆ ಕೂತು ಮಾಡುತ್ತಾರೆ. ಒಂದೇ ಪುಟವನ್ನು ಇಬ್ಬರಿಂದ ಬೇರೆ ಬೇರೆ ಓದಿಸಿ ತಾಳೆ ನೋಡಿದರೆ ತಪ್ಪೂ ಸಿಗುತ್ತದೆ, ಮೋಸವೂ ತಪ್ಪುತ್ತದೆ. ತಾಂತ್ರಿಕವಾಗಿ ಇದು ಕಷ್ಟವೇ ಅಲ್ಲ, ನನ್ನಂಥ ನಾಲ್ಕು ಜನ ಸೇರಿದರೆ ಕೆಲವು ತಿಂಗಳಲ್ಲಿ ಮಾಡಬಹುದು. ಈ ಓದುಗರಿಗೂ ವಯಸ್ಸಾಗುತ್ತಿದೆ ಅನ್ನೋದೇ ನನಗಿರುವ ಆತುರ. ಇನ್ನು ಹದಿನೈದು ವರ್ಷ ಬಿಟ್ಟು ಕೇಳಿದರೆ ಸ್ಕ್ಯಾನ್ ಇರುತ್ತದೆ, ಓದುವವರು ಇರೋದಿಲ್ಲ.

ಹಳೆಯ ಎರಡು ವ್ಯವಸ್ಥೆಗಳನ್ನು ನೋಡಿದ ಮೇಲೆ ನನಗೆ ತಿಳಿದದ್ದು ಇಷ್ಟು. ವಯಸ್ಸಾದವರಿಗೆ ಕೆಲಸ ಕೊಡೋದು ದಾನ ಅಲ್ಲ. ಶಾನುಭೋಗರನ್ನಾಗಲಿ ಪೋಸ್ಟ್ ಮೇಷ್ಟ್ರನ್ನಾಗಲಿ ಯಾರೂ ಪಾಪ ಅಂತ ಇಟ್ಟುಕೊಂಡಿರಲಿಲ್ಲ, ಅವರಿಲ್ಲದೆ ಕೆಲಸ ನಡೆಯುತ್ತಿರಲಿಲ್ಲ ಅಂತ ಇಟ್ಟುಕೊಂಡಿದ್ದರು. ಗಂಟೆ ಕಡಿಮೆ ಇರಬೇಕು, ಕೆಲಸ ಊರಿಗೆ ಬರಬೇಕು, ಲೆಕ್ಕ ದಿನದಿನಕ್ಕೆ ಮುಗಿಯಬೇಕು. ಇವನ್ನು ಹಳಬರಿಂದ ತೆಗೆದುಕೊಳ್ಳೋಣ. ಒಂದೇ ಮನೆತನಕ್ಕೆ ಅನ್ನುವುದನ್ನು 1963ರಲ್ಲೇ ಬಿಟ್ಟಿದ್ದೇವೆ, ಅದು ಅಲ್ಲೇ ಇರಲಿ. "ಎಕ್ಸ್‌ಟ್ರಾ" ಅನ್ನುವ ಪದವನ್ನೂ ಈಗ ಬಿಡಬೇಕು. ಮನೆಯಲ್ಲಿ ಕೂತು ಮಾಡಿದ್ದಕ್ಕೆ, ವಯಸ್ಸಾದವರು ಮಾಡಿದ್ದಕ್ಕೆ, ಅರ್ಧ ಕೂಲಿ ಸಾಕು ಅನ್ನುವ ಲೆಕ್ಕ ಅದರ ಜೊತೆಗೇ ಬರುತ್ತದೆ.

ನಿಮ್ಮೂರಿನಲ್ಲಿ ಹಳೆಯ ಕಡತ ಓದಬಲ್ಲ ಹಿರಿಯರು ಯಾರಾದರೂ ಇದ್ದರೆ, ಮುಂದಿನ ಸಲ ಹೋದಾಗ ಒಂದು ಗಂಟೆ ಅವರ ಪಕ್ಕ ಕೂತು ಕಲಿತು ಬನ್ನಿ. ಅವರಿಗೆ ಸಂಬಳ ಕೊಡುವ ವ್ಯವಸ್ಥೆ ಬರುವ ತನಕ, ಕಡೇಪಕ್ಷ ಕೇಳುವವರಾದರೂ ಇರಲಿ.